ಫರಸಿ ಲೆಕ್ಕ

ಮಾರ್ಚಿ ಮೂವತ್ತೊಂದು. ಶಹಾಬಾದಿನ ಬಿಸಿಲು
ಇಳಿಯುವುದು ಆಕಾಶದಿಂದಲ್ಲ, ಏಳುವುದು ಕಲ್ಲಿನಿಂದ.
ಎಣಿಸಿ ಎಣಿಸಿ ನನ್ನ ನಾಲಿಗೆಯ ಮೇಲೂ ಸುಣ್ಣದ ಧೂಳು.
ಸ್ಟಾಕ್ ಬುಕ್ಕಿನ ಕೊನೆಯ ಸಾಲಿನಲ್ಲಿ ಬರೆದೆ:
ಎರಡಡಿ ಚೌಕದ ಫರಸಿ,
ಅರವತ್ತೈದು ಸಾವಿರದ ಐನೂರ ಮೂವತ್ತೇಳು.

"ಸಮ ಥಪ್ಪಿ ಹಚ್ಚಸ್ರಿ ಅಕ್ಕೋರ," ಅಂದ ಮುಕಾದಮ ದಸ್ತಗೀರ,
"ಒಂದ್ ಹೆಚ್ಚು ಒಂದ್ ಕಮ್ಮಿ ಆದ್ರ
ನಾಳಿ ಆಡಿಟ್ಟಿನವ್ರು ಸುಮ್ನ ಜೀವಾ ತಿಂತಾರ."

ಮೊದಲು ಕಾಗದದ ಮೇಲೆ ಹಚ್ಚಿ ನೋಡಿದೆವು.
ಹನ್ನೆರಡರ ಥಪ್ಪಿಗೆ ಐದು ಉಳಿದವು.
ಏಳರದಕ್ಕೆ ಮೂರು.
ಹನ್ನೊಂದರದಕ್ಕೆ ಹತ್ತು. ಇನ್ನೊಂದೇ ಒಂದು ಇದ್ದಿದ್ದರೆ
ಎಂದು ದಸ್ತಗೀರ ತೊಡೆ ಬಡಿದುಕೊಂಡ.
ಐವತ್ತರದಕ್ಕೆ ಮೂವತ್ತೇಳು.
"ಇದೇನ್ ಹಟಮಾರಿ ಲೆಕ್ಕರೀ! ನಮ್ಮತ್ತಿಗಿನೂ ಮೀರಸ್ತದ."
ಬೀಡಿ ಹಚ್ಚಿ ಮನೆಗೆ ಹೋದ.

ಕಲಬುರಗಿಯಲ್ಲಿ ಓದಿದ ನನ್ನ ಬಿಎಸ್ಸಿ
ಹತ್ತು ವರ್ಷದಿಂದ ಲಾರಿ ನಂಬರು ಬರೆಯುತ್ತಿತ್ತು.
ಅವತ್ತು ರಾತ್ರಿ ತಗಡಿನ ಶೆಡ್ಡಿನಲ್ಲಿ ಎದ್ದು ಕೂತಿತು.

ಇನ್ನೂರ ಐವತ್ತಾರರ ತನಕ ಹುಡುಕಿದರೆ ಸಾಕು;
ಪಾಲಿಗೆ ಬರುವ ಜೋಡಿಯಲ್ಲಿ ಒಬ್ಬ ಗಿಡ್ಡನಿರಲೇಬೇಕು,
ಗಿಡ್ಡ ಸಿಗದಿದ್ದರೆ ಎತ್ತರದವನೂ ಸುಳ್ಳು.
ಐವತ್ನಾಲ್ಕು ಅವಿಭಾಜ್ಯಗಳನ್ನು ಒಂದೊಂದಾಗಿ
ಆ ಸಂಖ್ಯೆಯ ಬಾಗಿಲಿಗೆ ಕಳಿಸಿದೆ.
ಎಲ್ಲರೂ ಕೈಯಲ್ಲಿ ಚೂರುಪಾರು ಹಿಡಿದು ತಿರುಗಿ ಬಂದರು.
ಕೊನೆಯವನು ಇನ್ನೂರ ಐವತ್ತೊಂದು,
ಇಪ್ಪತ್ತಾರು ತಂದು ನನ್ನೆದುರು ಚೆಲ್ಲಿದ.
ವಾಡಿ ಕಡೆಗೆ ಗೂಡ್ಸು ಹೋಯಿತು. ಡಬ್ಬಿ ಎಣಿಸಲಿಲ್ಲ.

ಒಂದು ವಿಚಿತ್ರ ಕಂಡೆ:
ಮೂರು, ಐದು, ಹದಿನೇಳು ಯಾರು ಹಂಚಿದರೂ ಎರಡೇ ಉಳಿದದ್ದು.
ಇನ್ನೂರ ಐವತ್ತೇಳನ್ನು ಕರೆಯಬೇಕಿರಲಿಲ್ಲ, ಕರೆದೆ:
ಅದಕ್ಕೂ ಎರಡೇ.
ಒಂದೇ ಮನೆಯ ಅಕ್ಕಂದಿರು.
ಎರಡು, ಅದರ ವರ್ಗ, ಆ ವರ್ಗದ ವರ್ಗ,
ಪ್ರತಿ ಮೆಟ್ಟಿಲಲ್ಲೂ ಒಂದು ಕೂಡಿಸಿ ಹುಟ್ಟಿದವರು.
ಇವಳು ಐದನೆಯವಳು.
ಆರನೆಯವಳು ಆರುನೂರ ನಲವತ್ತೊಂದರ ಏಟಿಗೆ ಒಡೆದಳು.
ಆಚೆಗೆ ಒಡೆಯದವಳು ಇನ್ನೊಬ್ಬಳಿದ್ದಾಳೋ ಇಲ್ಲವೋ,
ಇವತ್ತಿನವರೆಗೂ ಯಾರಿಗೂ ತಿಳಿದಿಲ್ಲ.

ನೆಲಕ್ಕೆ ಹಾಸಿದರೆ
ಇನ್ನೂರ ಐವತ್ತಾರಕ್ಕೆ ಇನ್ನೂರ ಐವತ್ತಾರರ ಚೌಕ,
ಮಿಕ್ಕಿದ್ದು ಒಂದು. ಒಂದೂ ಒಂದು ಚೌಕವೇ ತಾನೆ.
ಎರಡು ಚೌಕ ಮಾಡಲು ಬೇರೆ ದಾರಿಯೇ ಇಲ್ಲ.

ಒಂದನ್ನು ಇವಳಿಂದ ಭಾಗಿಸಿದೆ:
ಸೊನ್ನೆ ಬಿಂದು, ನಾಲ್ಕು ಸೊನ್ನೆ, ಒಂದು, ಐದು, ಎರಡು, ಐದು, ಎಂಟು...
ಬಾಲ್‌ಪೆನ್ನು ಸೋತಿತು. ಆದರೆ ಎಲ್ಲಿ ತಿರುಗುತ್ತದೆಂದು ಗೊತ್ತಿತ್ತು:
ಅರವತ್ತೈದು ಸಾವಿರದ ಐನೂರ ಮೂವತ್ತಾರು ಅಂಕಿ ನಡೆದು
ಮತ್ತೆ ಅದೇ ಸಾಲು ಮೊದಲಿಂದ.
ಕಲ್ಲಿಗೊಂದರಂತೆ ಸುಣ್ಣದಲ್ಲಿ ಬರೆಯುತ್ತ ಹೋದರೆ
ಒಂದು ಕಲ್ಲು ಬರಿದಾಗಿ ಉಳಿಯುತ್ತದೆ.

ಬೆಳಿಗ್ಗೆ ಕಲ್ಲು ಹೊರುವ ದೇವಕೆಮ್ಮ ಬಂದು ನಿಂತಳು.
"ಅಕ್ಕೋರ, ಒಂದ್ ಫರಸಿ ಕೊಡ್ರಿ.
ಕೊಡ ಇಡೋ ಜಾಗದಾಗ ಕೆಸರು ನಿಂದರ್ತದ.
ಕೂಲ್ಯಾಗ ಹಿಡ್ಕೋರಿ."
ನಾನು ರಾತ್ರಿಯ ಹಾಳೆ ನೋಡಿದೆ, ಅವಳ ಕಾಲು ನೋಡಿದೆ.
ತಗೋ ಅಂದೆ.

ಸಿಂಬಿಯ ಮೇಲೆ ಕಲ್ಲೇರಿಸಿ ಗೇಟು ದಾಟಿದ್ದೇ ತಡ
ಹಿಂದೆ ಇಡೀ ಸಂಖ್ಯೆ ಸಡಿಲಗೊಂಡಿತು.
ಅರ್ಧ, ಅರ್ಧದ ಅರ್ಧ, ಹದಿನಾರು ಸಲ ಸೀಳುತ್ತ
ಒಂದರವರೆಗೆ, ಎಲ್ಲೂ ತಕರಾರಿಲ್ಲ.
ಹದಿನಾರರ ಥಪ್ಪಿ ನಾಲ್ಕು ಸಾವಿರದ ತೊಂಬತ್ತಾರು.
ದಸ್ತಗೀರ ನಕ್ಕ: "ನಿನ್ನಿ ನೀವಾ ತಪ್ಪು ಎಣಿಸಿದ್ರಿ ನೋಡ್ರಿ."
ಹೌದೆಂದು ಏಳನ್ನು ಆರು ಮಾಡಿ,
ಕೂಲಿ ವಹಿಯಲ್ಲಿ ಅವಳ ಹೆಸರಿನ ಮುಂದೆ ಏನೂ ಬರೆಯದೆ ಬಿಟ್ಟೆ.

ಸಂಜೆ ಅವಳ ಮನೆಯಲ್ಲಿ ನೀರು ಕೇಳಿ ಕುಡಿದೆ.
ಕೊಡದ ಕೆಳಗೆ ಅದು ತಣ್ಣಗಿತ್ತು.
ಯಾರ್ಡಿನಲ್ಲಿ ಉಳಿದವು
ಇನ್ನೂ ಬಿಸಿಲು ಕಕ್ಕುತ್ತಿದ್ದವು.